ಮೊದಲ ನೋಟದ ಸುಳ್ಳು

ಕಳೆದ ತಿಂಗಳು ಒಂದು ರಾತ್ರಿ ಮಗಳು ಕೇಳಿದಳು: "ಅಮ್ಮೀ, ನನ್ನನ್ನ ಮೊದಲನೇ ಸಲ ನೋಡಿದಾಗ ನಿಂಗೆ ಏನನ್ನಿಸ್ತು?"

ಅವಳಿಗೆ ಎಂಟನೇ ತಿಂಗಳು. ಮೊದಲ ಬಸುರು. ಬೆಂಗಳೂರಿನಲ್ಲಿ ಕೆಲಸದಲ್ಲಿರುವವಳು ರಜೆ ಹಾಕಿ ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ. ಯಾವ ಮಗ್ಗುಲಿಗೆ ಮಲಗಿದರೂ ಅವಳಿಗೆ ನಿದ್ದೆ ಬರುವುದಿಲ್ಲ, ಹಾಗಾಗಿ ನನಗೂ ಇಲ್ಲ. ಆ ಹೊತ್ತಿನಲ್ಲಿ ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತಿದ್ದೆ. ಪ್ರಶ್ನೆ ಕಿವಿಗೆ ಬಿದ್ದ ಕೂಡಲೇ, "ಈದ್‌ನ ಚಾಂದ್ ಕಂಡ ಹಾಗಾಯ್ತು ಕಣಮ್ಮಾ" ಎಂದುಬಿಟ್ಟೆ. ಅವಳು ನಕ್ಕು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಂಗೂ ಹಾಗೇ ಅನ್ನಿಸುತ್ತೆ ಅಲ್ವಾ?" ಎಂದಳು. "ಅನ್ನಿಸದೆ ಏನು" ಎಂದೆ.

ಅವಳು ಸ್ವಲ್ಪ ಹೊತ್ತಿಗೆ ಮಲಗಿದಳು. ನಾನು ಬೆಳಗಿನ ಅಜಾನ್ ಆಗುವವರೆಗೂ ಎದ್ದೇ ಇದ್ದೆ. ನಾನು ಹೇಳಿದ್ದು ಸುಳ್ಳು. 24 ವರ್ಷಗಳಿಂದ ಹೇಳುತ್ತಾ ಬಂದದ್ದರಿಂದ ನಾಲಿಗೆಗೆ ರೂಢಿಯಾಗಿಬಿಟ್ಟಿದೆ. ಕತೆ ಬರೆಯುವವಳಿಗೆ ಸುಳ್ಳು ಹೇಳುವುದೇ ಕಸುಬು ಎಂದು ನಮ್ಮ ಯಜಮಾನರು ತಮಾಷೆ ಮಾಡುವುದುಂಟು. ಆದರೆ ಕತೆಯ ಸುಳ್ಳನ್ನು ನಂಬಿಕೊಂಡು ಯಾರೂ ಹೆರಿಗೆ ಕೋಣೆಗೆ ಹೋಗುವುದಿಲ್ಲ.

ಈ ಸುಳ್ಳು ನನ್ನ ಸ್ವಂತದ್ದಲ್ಲ. ನನಗೂ ಯಾರೋ ಹೇಳಿದ್ದರು, ಅವರಿಗೆ ಇನ್ಯಾರೋ. ನಾನು ಏಳನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಮಾಧ್ಯಮದಲ್ಲಿ. ಎರಡು ಭಾಷೆಗಳ ಪಠ್ಯಪುಸ್ತಕಗಳು ಬೇರೆ ಯಾವುದರಲ್ಲಿ ಜಗಳವಾಡಿದರೂ ತಾಯಿಯ ವಿಷಯದಲ್ಲಿ ಮಾತ್ರ ಒಂದೇ ಮಾತಾಡುತ್ತಿದ್ದವು. ಅಲ್ಲಿ ಮಾ, ಇಲ್ಲಿ ಪುಣ್ಯಕೋಟಿ. ಸ್ವರ್ಗ ಇರುವುದೇ ತಾಯಿಯ ಕಾಲಡಿಯಲ್ಲಿ ಎಂದು ಕೇಳುತ್ತಾ ಬೆಳೆದವಳು ನಾನು. ಮಗು ಹುಟ್ಟಿದ ಗಳಿಗೆಯಲ್ಲೇ ತಾಯಿಯೂ ಹುಟ್ಟುತ್ತಾಳೆ, ನೋವೆಲ್ಲ ಆ ಮುಖ ನೋಡಿದ ಕೂಡಲೇ ಮರೆತುಹೋಗುತ್ತದೆ ಎಂದು ಹೇಳದ ಹೆಂಗಸರೇ ನಮ್ಮ ಬೀದಿಯಲ್ಲಿ ಇರಲಿಲ್ಲ.

2001ರ ಮಳೆಗಾಲ. ನನಗೆ 22 ವರ್ಷ. ಹಿಂದಿನ ದಿನ ಮಧ್ಯಾಹ್ನ ಶುರುವಾದ ನೋವು ಮಾರನೆಯ ದಿನ ಬೆಳಗ್ಗೆ ಮುಗಿಯಿತು. ಆಸ್ಪತ್ರೆಯ ಹೆಸರು ಬೇಡ, ಅಂಥ ಆಸ್ಪತ್ರೆ ಎಲ್ಲ ಊರಲ್ಲೂ ಇದೆ. ನಾನು ಕೂಗಿದಾಗ ಅಲ್ಲಿಯ ಒಬ್ಬ ದಾದಿ, ಆಗ ಮಜಾ ಬೇಕಿತ್ತು, ಈಗ ಕೂಗ್ತೀಯಾ ಎಂದು ಗದರಿದ್ದಳು. ಈ ಮಾತನ್ನು ನನ್ನ ಓರಗೆಯ ಎಷ್ಟೋ ಹೆಂಗಸರು ಬೇರೆ ಬೇರೆ ಊರುಗಳಲ್ಲಿ, ಹೆಚ್ಚುಕಡಿಮೆ ಇದೇ ಶಬ್ದಗಳಲ್ಲಿ ಕೇಳಿಸಿಕೊಂಡಿದ್ದಾರೆ. ಹೊಲಿಗೆ ಹಾಕುತ್ತಿರುವಾಗ ಅಮ್ಮಿಯ ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ ಏನನ್ನೋ ನನ್ನ ಮುಖದ ಹತ್ತಿರ ತಂದು ತೋರಿಸಿದರು. ಕೆಂಪಗೆ, ಕಣ್ಣು ಬಾತುಕೊಂಡು, ತಲೆ ಒಂದು ಕಡೆಗೆ ಉದ್ದವಾಗಿತ್ತು. ಥೇಟು ನಮ್ಮ ಮಾವನವರ ಮುಖ. ನನಗೆ ಅನ್ನಿಸಿದ್ದು ಇಷ್ಟೇ: ಇದು ಯಾರದು? ಆಮೇಲೆ, ನೀರು ಬೇಕು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ನನಗೆ ಹೆಗ್ಗಣ ಕಂಡಿತು, ಮುದ್ದು ಕಾಣಲಿಲ್ಲ.

ಹೊರಗೆ ಎಲ್ಲರೂ ಖುಷಿಯಾಗಿದ್ದರು. ಅಬ್ಬಾ ಮಗುವಿನ ಕಿವಿಯಲ್ಲಿ ಅಜಾನ್ ಹೇಳಿ ಕಣ್ಣು ಒರೆಸಿಕೊಂಡರಂತೆ. ಯಜಮಾನರಿಗೆ ನೋಡಿದ ಕೂಡಲೇ ಪ್ರೀತಿ ಹುಟ್ಟಿತಂತೆ. ಹುಟ್ಟಲೇಬೇಕು, ಅವರು ರಾತ್ರಿ ನಿದ್ದೆ ಮಾಡಿ ಬಂದಿದ್ದರು. ನನ್ನ ಕೈಗೆ ಮಗು ಕೊಟ್ಟು ಎಲ್ಲರೂ ನನ್ನ ಮುಖ ನೋಡುತ್ತಾ ನಿಂತರು. ಆಗ ನಾನು ಜೀವನದಲ್ಲಿ ಮೊದಲ ಬಾರಿಗೆ ತಾಯಿಯ ಹಾಗೆ ನಕ್ಕೆ. ಅದು ನಟನೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂಬುದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಭದ್ರಾವತಿಯ ತವರು ಮನೆಯಲ್ಲಿ ಚಿಲ್ಲಾ, ಅಂದರೆ ನಲವತ್ತು ದಿನದ ಬಾಣಂತನ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸೊಂಟಕ್ಕೆ ಕಟ್ಟು, ಕುದಿಯುವ ನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಮೆಣಸು. ಮೈಗೆ ಬೇಕಾದದ್ದನ್ನೆಲ್ಲ ಅಮ್ಮಿ ಮಾಡಿದರು. ಅದರಲ್ಲಿ ಒಂದು ಕೊರತೆಯನ್ನೂ ನಾನು ಹೇಳಲಾರೆ. ನಾಲ್ಕನೆಯ ದಿನ ಹಾಲು ಕಟ್ಟಿಕೊಂಡು ಎದೆ ಕಲ್ಲಾಯಿತು, ಜ್ವರ ಬಂತು. ಅಂದಿನಿಂದ ಅಳು ಶುರುವಾಯಿತು. ನೀರು ಹಾಕುವವಳು ಬೆನ್ನಿನ ಮೇಲೆ ಬಿಸಿನೀರು ಹುಯ್ಯುತ್ತಿದ್ದರೆ ನಾನು ಅಳುತ್ತಿದ್ದೆ. ಆ ನೀರಿನಲ್ಲಿ ಕಣ್ಣೀರು ಯಾರಿಗೆ ಕಾಣುತ್ತದೆ. ರಾತ್ರಿ ಎರಡೆರಡು ಗಂಟೆಗೆ ಮಗು ಏಳುತ್ತಿತ್ತು. ಎದ್ದು ಕೂತು ಹಾಲು ಕೊಡುತ್ತಾ ಕಾರ್ಖಾನೆಯ ಸೈರನ್ ಆಗುವುದನ್ನು ಕಾಯುತ್ತಿದ್ದೆ, ಅದಾದರೆ ಒಂದು ರಾತ್ರಿ ಮುಗಿದಂತೆ.

ಒಂದು ವಿಚಿತ್ರ ನೋಡಿ. ಬಾಣಂತಿಗೆ ನಮ್ಮ ಶರೀಅತ್ ನಮಾಜಿನಿಂದ ವಿನಾಯಿತಿ ಕೊಟ್ಟಿದೆ. ರಂಜಾನ್ ಬಂದರೆ ಉಪವಾಸ ಬಿಡಬಹುದು, ಆಮೇಲೆ ಹಿಡಿದರಾಯಿತು. ದೇವರು ತನಗೆ ಸಲ್ಲಬೇಕಾದದ್ದಕ್ಕೆ ರಜೆ ಕೊಟ್ಟಿದ್ದಾನೆ. ಆದರೆ ಪ್ರೀತಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಮೊದಲ ದಿನದಿಂದಲೇ ಸಹಿ ಹಾಕಬೇಕು. ಈ ನಿಯಮ ಮಾಡಿದವರು ಯಾರು?

ಬಸುರಿಯರು ಸೂರೆ ಮರ್ಯಮ್ ಓದಿದರೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿದೆ. ನಾನೂ ಎಷ್ಟೋ ಸಲ ಓದಿದ್ದೆ. ಹೆರಿಗೆಯ ನೋವಿನಲ್ಲಿ ಖರ್ಜೂರದ ಮರದ ಬುಡಕ್ಕೆ ಬಂದ ಆ ಪವಿತ್ರ ಹೆಣ್ಣು, ಇದಕ್ಕೆ ಮೊದಲೇ ಸತ್ತು ಎಲ್ಲರಿಗೂ ಮರೆತುಹೋಗಿದ್ದರೆ ಚೆನ್ನಾಗಿತ್ತು ಎಂದು ಹಂಬಲಿಸುತ್ತಾಳೆ. ಲೋಕ ಏನನ್ನುತ್ತದೋ ಎಂಬ ಭಯದ ಮಾತು ಅದು ಎಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಇರಬಹುದು. ಹೆತ್ತವಳಾಗಿ ನಾನು ಗಮನಿಸಿದ್ದು ಬೇರೆ. ಹಾಗೆ ಹಂಬಲಿಸಿದ್ದಕ್ಕೆ ಅವಳನ್ನು ಯಾರೂ ಗದರಿಸುವುದಿಲ್ಲ. ಕೆಳಗೆ ನೀರು ಹರಿಯುತ್ತದೆ, ಮರದಿಂದ ಹಣ್ಣು ಉದುರುತ್ತದೆ. ತಿನ್ನು, ಕುಡಿ, ಸಮಾಧಾನ ಮಾಡಿಕೋ, ಯಾರ ಜೊತೆಗೂ ಮಾತಾಡಬೇಡ ಎಂಬ ಅರ್ಥದ ಸಾಂತ್ವನ ಸಿಗುತ್ತದೆ. ಇದನ್ನು ನಾನು ಬಸುರಿಯಾಗಿದ್ದಾಗ ಪುಣ್ಯಕ್ಕಾಗಿ ಓದಿದೆ, ಬಾಣಂತಿಯಾಗಿದ್ದಾಗ ನೆನಪಿಗೇ ಬರಲಿಲ್ಲ.

ಮೂರನೆಯ ವಾರದ ಒಂದು ರಾತ್ರಿಯ ವಿಷಯ ಬರೆಯಬೇಕು. ಮಗು ಸಂಜೆಯಿಂದ ಅಳುತ್ತಿತ್ತು. ಹಾಲು ಕೊಟ್ಟರೂ ಅಳು, ಕೊಡದಿದ್ದರೂ ಅಳು. ಎಷ್ಟು ಗಂಟೆಯೋ ಏನೋ, ನಾನು ಮಗುವನ್ನು ಚಾಪೆಯ ಮೇಲೆ ಇಟ್ಟು, ಹಿತ್ತಲ ಬಾಗಿಲು ತೆಗೆದು ಹೊರಗೆ ನಡೆದುಬಿಟ್ಟೆ. ಜಡಿಮಳೆ. ಬಾವಿಕಟ್ಟೆಯ ಹತ್ತಿರ ನಿಂತೆ. ಸಾಯಬೇಕು ಅನ್ನಿಸಿತು ಎಂದು ಹೇಳಲಾರೆ. ವಾಪಸ್ಸು ಒಳಗೆ ಹೋಗಬಾರದು ಎಂದಷ್ಟೇ ಅನ್ನಿಸಿತ್ತು. ಒಳಗೆ ಅಳು ಕೇಳುತ್ತಿತ್ತು, ಅದು ನನ್ನದಲ್ಲ, ಪಕ್ಕದ ಮನೆಯ ಮಗು ಅಳುತ್ತಿದೆ ಎನ್ನುವಷ್ಟು ದೂರದಿಂದ ಕೇಳುತ್ತಿತ್ತು. ಯಾವಾಗಲೋ ಅಳು ನಿಂತಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಅಮ್ಮಿ, ಹೆಗಲ ಮೇಲೆ ಮಗು. ಅವರು ಏನೂ ಕೇಳಲಿಲ್ಲ. ಟವೆಲ್ ಕೊಟ್ಟರು. ಬಟ್ಟೆ ಬದಲಾಯಿಸಿಕೊಂಡು ಮಲಗು, ಇವತ್ತಿಂದ ರಾತ್ರಿ ಮಗು ನನ್ನ ಹತ್ತಿರ ಇರಲಿ, ಹಾಲಿಗೆ ಮಾತ್ರ ಎಬ್ಬಿಸ್ತೀನಿ ಎಂದರು. ಆ ರಾತ್ರಿ ಮೂರು ಗಂಟೆ ಸತತವಾಗಿ ಮಲಗಿದ್ದು ನನಗೆ ಈಗಲೂ ನೆನಪಿದೆ.

ಅಮ್ಮಿಗೆ ಗೊತ್ತಿತ್ತು. ಅದು ನನಗೆ ತಿಳಿದದ್ದು ಅವರು ತೀರಿಕೊಂಡ ಮೇಲೆ, ಖಾಲಾ ಬಾಯಿಂದ. ನನ್ನ ಅಣ್ಣ ಹುಟ್ಟಿದಾಗ ಅಮ್ಮಿ ಇಪ್ಪತ್ತು ದಿನ ಅವನ ಮುಖ ನೋಡಿರಲಿಲ್ಲವಂತೆ. ಹುಡುಗಿಗೆ ಗಾಳಿ ಸೋಕಿದೆ ಎಂದು ದರ್ಗಾಕ್ಕೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿದ್ದರಂತೆ. ಹಾಗಾದರೆ ನನಗೇಕೆ ಹೇಳಲಿಲ್ಲ? ಟವೆಲ್ ಕೊಟ್ಟರು, ನಿದ್ದೆ ಕೊಟ್ಟರು, ಮಾತು ಮಾತ್ರ ಕೊಡಲಿಲ್ಲ. ಎಷ್ಟೋ ವರ್ಷ ಇದನ್ನು ಅವರ ದೊಡ್ಡತನ ಎಂದುಕೊಂಡಿದ್ದೆ. ಈಗ ಅರ್ಧ ದೊಡ್ಡತನ, ಅರ್ಧ ನಾಚಿಕೆ ಅನ್ನಿಸುತ್ತದೆ. "ನನಗೂ ಹೀಗೇ ಆಗಿತ್ತು" ಎಂಬ ಮೂರು ಶಬ್ದ ಆ ರಾತ್ರಿ ಸಿಕ್ಕಿದ್ದರೆ, ನಾನು ಕೆಟ್ಟವಳು ಎಂದು ಉಳಿದ ದಿನಗಳೆಲ್ಲ ಕೊರಗುತ್ತಿರಲಿಲ್ಲ.

ಪ್ರೀತಿ ಯಾವಾಗ ಬಂತು? ತಾರೀಖು ಹೇಳಲಾರೆ. ಚಿಲ್ಲಾ ಮುಗಿದ ಮೇಲೆ ಹತ್ತಿರದ ನೆಂಟರ ಮದುವೆಯೊಂದಿತ್ತು. ಮಗುವನ್ನು ಅಮ್ಮಿಯ ಹತ್ತಿರ ಬಿಟ್ಟು ಒಬ್ಬಳೇ ಹೋದೆ. ಆ ಬಿಡುಗಡೆಗಾಗಿ ವಾರದಿಂದ ಕಾದಿದ್ದೆ. ಬಿರಿಯಾನಿ ಬಡಿಸಿದರು. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಮಗುವಿನ ಟೋಪಿಯ ದಾರ ನೆನಪಾಯಿತು. ಬರುವ ಅವಸರದಲ್ಲಿ ಗದ್ದದ ಕೆಳಗೆ ಬಿಗಿಯಾಗಿ ಕಟ್ಟಿದೆನೇನೋ ಎಂಬ ಅನುಮಾನ. ಅಮ್ಮಿ ನಾಲ್ಕು ಮಕ್ಕಳನ್ನು ಸಾಕಿದವರು, ಅವರಿಗೆ ಕಾಣುವುದಿಲ್ಲವೇ ಎಂದು ಸಮಾಧಾನ ಹೇಳಿಕೊಂಡೆ. ಎರಡನೆಯ ತುತ್ತು ಇಳಿಯಲಿಲ್ಲ. ಮೈದುನನನ್ನು ಕರೆದು ಆಟೋ ತರಿಸಿ ಮನೆಗೆ ಬಂದುಬಿಟ್ಟೆ. ದಾರ ಸಡಿಲವಾಗಿಯೇ ಇತ್ತು. ಪ್ರೀತಿ ಅವತ್ತು ಬರಲಿಲ್ಲ. ಅದು ಬಂದು ಎಷ್ಟೋ ದಿನವಾಗಿತ್ತು, ನನಗೆ ಅವತ್ತು ಗೊತ್ತಾಯಿತು.

ಇದನ್ನು ನನ್ನೊಬ್ಬಳ ವಿಪರೀತ ಎಂದುಕೊಂಡಿದ್ದವಳಿಗೆ ಬಹಳ ತಡವಾಗಿ ಒಂದು ಅಧ್ಯಯನ ಕಣ್ಣಿಗೆ ಬಿತ್ತು. 1980ರಲ್ಲಿ ರಾಬ್ಸನ್ ಮತ್ತು ಕುಮಾರ್ ಎಂಬ ಇಬ್ಬರು ಸಂಶೋಧಕರು ಲಂಡನ್ನಿನಲ್ಲಿ ಹೊಸ ತಾಯಂದಿರನ್ನು ಮಾತಾಡಿಸಿ ಬರೆದದ್ದು. ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ಏನನ್ನಿಸಿತು ಎಂದು ಕೇಳಿದ್ದಕ್ಕೆ ಚೊಚ್ಚಲ ತಾಯಂದಿರಲ್ಲಿ ಸುಮಾರು 40 ಶೇಕಡಾ ಜನ, ವಿಶೇಷವೇನೂ ಅನ್ನಿಸಲಿಲ್ಲ ಎಂದಿದ್ದರು. ಮೊದಲೇ ಹೆತ್ತಿದ್ದವರಲ್ಲೂ ಕಾಲು ಭಾಗ ಜನರ ಉತ್ತರ ಅದೇ. ಹೆಚ್ಚಿನವರಿಗೆ ಒಂದು ವಾರದೊಳಗೆ ಮಮತೆ ಮೂಡಿತ್ತು. ಅಂದರೆ ಹತ್ತು ಹೆಂಗಸರ ಸಾಲಿನಲ್ಲಿ ನಾಲ್ವರು ನನ್ನ ಹಾಗೆ ಮುಖಕ್ಕೆ ನಗು ಅಂಟಿಸಿಕೊಂಡು ಕೂತಿದ್ದರು, ಪ್ರತಿಯೊಬ್ಬಳೂ ತಾನೊಬ್ಬಳೇ ಎಂದುಕೊಂಡು. ಅದಕ್ಕೂ ಮೊದಲೇ, 1949ರಲ್ಲಿ, ಇಂಗ್ಲೆಂಡಿನ ಮಕ್ಕಳ ವೈದ್ಯ ವಿನಿಕಾಟ್ ತನ್ನ ಲೇಖನವೊಂದರಲ್ಲಿ ತಾಯಿಗೆ ಎಳೆಮಗುವಿನ ಮೇಲೆ ದ್ವೇಷ ಬರಲು ಇರುವ 18 ಕಾರಣಗಳನ್ನು ಪಟ್ಟಿ ಮಾಡಿದ್ದ. ದ್ವೇಷ ಎಂಬುದು ದೊಡ್ಡ ಶಬ್ದ, ನಾನು ಅದನ್ನು ಬಳಸಲಾರೆ. ಆದರೆ ಅವನು ಹೇಳಿದ್ದು ಇದು: ಆ ಭಾವನೆ ಬರುವುದು ತಪ್ಪಲ್ಲ, ಅದನ್ನು ಮಗುವಿನ ಮೇಲೆ ತೀರಿಸದೆ ಒಳಗೇ ತಾಳಿಕೊಳ್ಳುತ್ತಾಳಲ್ಲ, ಅದು ತಾಯಿಯ ಶಕ್ತಿ.

ಇಲ್ಲಿಯೇ ನನ್ನ ಮೂಲ ಪ್ರಶ್ನೆ ಇದೆ. ಪ್ರೀತಿ ಬರುವ ಮೊದಲಿನ ಆ ದಿನಗಳಲ್ಲಿ ನಾನು ಮಾಡಿದ್ದು ಏನು? ಹಾಲು ಕೊಟ್ಟೆ, ಬಟ್ಟೆ ತೊಳೆದೆ, ಹೊಕ್ಕುಳು ಒಣಗಿದೆಯೇ ಎಂದು ನೋಡಿದೆ. ಎಲ್ಲವನ್ನೂ ಪ್ರೀತಿಯಿಲ್ಲದೆ ಮಾಡಿದೆ. ಅದು ಕಪಟವೇ? ಭಾವನೆ ಇಲ್ಲದ ಸೇವೆಗೆ ಬೆಲೆ ಉಂಟೇ?

ಒಲವಿನಿಂದ ಮಾಡಿದ್ದಕ್ಕಿಂತ ಕರ್ತವ್ಯವೆಂದು ಮಾಡಿದ್ದಕ್ಕೇ ನೈತಿಕವಾದ ಬೆಲೆ ಎಂದು ಜರ್ಮನಿಯ ಕಾಂಟ್ 1785ರಲ್ಲಿ ವಾದಿಸಿದ್ದ. ಅವನು ಮದುವೆಯಾದವನಲ್ಲ, ಮಗು ಸಾಕಿದವನಲ್ಲ ಎಂಬುದು ನೆನಪಿರಲಿ. ಹಾಗಾಗಿ ಅವನ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕರ್ತವ್ಯ ಬಲ್ಲ ಕೈ ಮಗುವನ್ನು ಬದುಕಿಸುತ್ತದೆ, ನಗಿಸಲಾರದು. ಆದರೆ ಬದುಕಿಸುವುದು ಮೊದಲ ಕೆಲಸ. ನಮ್ಮಲ್ಲಿ ಎಲ್ಲ ಕೆಲಸವನ್ನೂ ನಿಯ್ಯತ್ತಿನಿಂದ ಅಳೆಯುತ್ತಾರೆ. ನಿಯ್ಯತ್ತು ಎಂದರೆ ಸಂಕಲ್ಪ, ಎದೆ ತುಂಬಿ ಬರುವುದಲ್ಲ. ನಮಾಜಿಗೆ ನಿಂತಾಗ ಪ್ರತಿ ಸಲವೂ ಮನಸ್ಸು ಕರಗುತ್ತದೆಯೇ? ಕರಗದಿದ್ದರೂ ನಿಲ್ಲುತ್ತೇವೆ. ನಿಂತು ನಿಂತು ಒಂದು ದಿನ ಕರಗುತ್ತದೆ. ಮಗು ಬದುಕಬೇಕು ಎಂಬ ಸಂಕಲ್ಪ ನನಗೆ ಮೊದಲ ದಿನವೇ ಇತ್ತು. ನನಗೆ ಇಲ್ಲದೆ ಇದ್ದದ್ದು ಅದರ ಜೊತೆಗೆ ಬರಬೇಕು ಎಂದು ಹೇಳಿದ್ದ ಸಂತೋಷ.

ನಮ್ಮ ಕಾನೂನಿನಲ್ಲೇ ಇದಕ್ಕೆ ಒಂದು ಸಾಕ್ಷಿ ಇದೆ. ಬೇರೆಯವರ ಎಳೆಮಗುವಿಗೆ ಹಾಲು ಕುಡಿಸಿದವಳು ಅದಕ್ಕೆ ತಾಯಿಯಾಗುತ್ತಾಳೆ. ಅವಳ ಮಕ್ಕಳು ಆ ಮಗುವಿಗೆ ಒಡಹುಟ್ಟಿದವರಾಗುತ್ತಾರೆ, ಅವರ ನಡುವೆ ಮದುವೆ ಕೂಡದು. ಪ್ರವಾದಿಯವರನ್ನೇ ಎಳವೆಯಲ್ಲಿ ಹಾಲೂಡಿಸಿ ಬೆಳೆಸಿದವರು ಹಲೀಮಾ ಸಾದಿಯಾ. ಆ ಸಂಬಂಧ ಹುಟ್ಟುವುದು ಹೊಟ್ಟೆಯಲ್ಲಿ ಅಲ್ಲ, ಮೊದಲ ನೋಟದಲ್ಲೂ ಅಲ್ಲ, ಕುಡಿಸಿದ ಹಾಲಿನಲ್ಲಿ. ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರೆ ದೇವಕಿ ಯಶೋದೆಯರ ಕತೆ ಹೇಳುತ್ತಾರೆ. ಹೆತ್ತವಳು ಒಬ್ಬಳು, ಬೆಣ್ಣೆ ಕದ್ದದ್ದಕ್ಕೆ ಒರಳಿಗೆ ಕಟ್ಟಿಹಾಕಿದವಳು ಇನ್ನೊಬ್ಬಳು. ಜನರ ಬಾಯಲ್ಲಿ ಉಳಿದಿರುವ ತಾಯಿ ಎರಡನೆಯವಳು. ಮಾಡುತ್ತಾ ಮಾಡುತ್ತಾ ತಾಯಿಯಾಗುವುದನ್ನು ನಮ್ಮ ಎರಡೂ ಪರಂಪರೆಗಳು ಬಲ್ಲವು. ನಾವು ಮಾತ್ರ ಬಸುರಿಯ ಕಿವಿಯಲ್ಲಿ ಚಾಂದ್‌ನ ಕತೆ ಹೇಳುತ್ತೇವೆ.

ಮತ್ತೆ ಪುಣ್ಯಕೋಟಿ. ಅವಳ ಸತ್ಯವನ್ನು ಶಾಲೆಯಲ್ಲಿ ಎಷ್ಟು ಹಾಡಿಸಿದರು! ಆದರೆ ಹುಲಿಯ ಬಳಿಗೆ ಮರಳುವ ಮುನ್ನ ಅವಳು ಕರುವನ್ನು ದೊಡ್ಡಿಯ ಬೇರೆ ಹಸುಗಳ ಕೈಗೆ ಒಪ್ಪಿಸಿ ಹೋಗುತ್ತಾಳೆ ಎಂಬುದನ್ನು ಯಾವ ಮೇಷ್ಟ್ರೂ ಒತ್ತಿ ಹೇಳಲಿಲ್ಲ. ಮನುಷ್ಯರ ಮಗು ಎಂದೂ ತಾಯಿಯೊಬ್ಬಳ ಕೈಯಲ್ಲೇ ಬೆಳೆದದ್ದಲ್ಲ, ಅಜ್ಜಿ, ಅಕ್ಕ, ಅತ್ತೆಯರ ಕೈಗಳಿಲ್ಲದಿದ್ದರೆ ನಮ್ಮ ಕುಲವೇ ಉಳಿಯುತ್ತಿರಲಿಲ್ಲ ಎಂದು ಅಮೆರಿಕದ ಸಾರಾ ಹರ್ಡಿ 2009ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನನ್ನನ್ನು ಉಳಿಸಿದ್ದೂ ಅಮ್ಮಿಯ ಹೆಗಲು, ಆ ಮೂರು ಗಂಟೆಯ ನಿದ್ದೆ. ತವರಿಲ್ಲದವರ ಗತಿ ಏನು? ತೊಟ್ಟಿಲ ಪಕ್ಕದಲ್ಲೇ ಬೀಡಿಯ ಮೊರ ಇಟ್ಟುಕೊಂಡು ಹದಿನೈದನೆಯ ದಿನಕ್ಕೆ ಎಲೆ ಕತ್ತರಿಸಲು ಕೂತವರನ್ನು ನಾನು ನೋಡಿದ್ದೇನೆ. 2017ರ ತಿದ್ದುಪಡಿಯಿಂದ ನನ್ನ ಮಗಳಂಥವರಿಗೆ 26 ವಾರ ಸಂಬಳದ ರಜೆ ಬಂದಿದೆ, ಒಳ್ಳೆಯದು. ಆ ಬೀಡಿ ಕಟ್ಟುವವಳಿಗೆ ಹಾಗೆ ರಜೆ ಬರೆದುಕೊಡುವವರು ಯಾರೂ ಇಲ್ಲ.

ಒಂದು ಎಚ್ಚರಿಕೆ ಹೇಳದಿದ್ದರೆ ಈ ಬರಹ ಇನ್ನೊಂದು ಸುಳ್ಳಾದೀತು. ತಡವಾಗಿಯಾದರೂ ಎಲ್ಲರಿಗೂ ತಾನಾಗಿಯೇ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ನನ್ನ ಜೊತೆ ಹೈಸ್ಕೂಲಿನಲ್ಲಿ ಓದಿದವಳೊಬ್ಬಳು ನನಗಿಂತ ಎರಡು ವರ್ಷ ತಡವಾಗಿ ಹೆತ್ತಳು. ಬಾಣಂತಿ ಸನ್ನಿ ಎಂದರು, ಜಿನ್ ಎಂದರು, ಸೋಮಾರಿ ಎಂದೂ ಅಂದರು. ಒಂದು ದಿನ ಬೆಳಗ್ಗೆ ಅವಳು ಮನೆಯಲ್ಲಿರಲಿಲ್ಲ. ಕೆರೆಯಲ್ಲಿ ಕಾಲು ಜಾರಿತು ಎಂಬ ಸುದ್ದಿ ನಮ್ಮ ಮನೆಗೆ ಬಂತು. ಅವಳು ಮಲಗಿಸಿ ಹೋದ ಮಗುವಿಗೆ ಆಗ ಎರಡು ತಿಂಗಳು. ಸಾವಿನ ಮನೆಯಲ್ಲಿ ಹೆಂಗಸರು ಪಿಸುಗುಟ್ಟುತ್ತಿದ್ದರು, ಎಂಥ ಕಲ್ಲು ಹೃದಯ ಎಂದು. ನಾನು ಅಲ್ಲಿ ಬಾಯಿ ಬಿಡಲಿಲ್ಲ. ಬಾವಿಕಟ್ಟೆಯ ಹತ್ತಿರ ನಿಂತಿದ್ದವಳು ನಾನು, ನನಗೇ ಬಾಯಿ ಬರಲಿಲ್ಲ. ಈ ಮೌನವನ್ನು ನಾನು ನನಗೆ ಇವತ್ತಿಗೂ ಮಾಫಿ ಮಾಡಿಲ್ಲ.

ಮೊದಲ ವಾರದ ಅಳು, ಮಂಕು ಬಹಳ ಜನರಿಗೆ ಬರುತ್ತದೆ, ಹತ್ತು ಹದಿನೈದು ದಿನದಲ್ಲಿ ಇಳಿಯುತ್ತದೆ. ಇಳಿಯದೆ ಉಳಿದರೆ ಅದು ಕಾಯಿಲೆ, ರಕ್ತ ಕಡಿಮೆಯಾಗುವುದು ಹೇಗೆ ಕಾಯಿಲೆಯೋ ಹಾಗೆ. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹೆತ್ತ ತಾಯಂದಿರಲ್ಲಿ 22 ಶೇಕಡಾ ಜನರಿಗೆ ಈ ಖಿನ್ನತೆ ಇರುತ್ತದೆ. ಐವರಲ್ಲಿ ಒಬ್ಬಳಿಗಿಂತ ಹೆಚ್ಚು. ಇದನ್ನು ಗುರುತಿಸಲು 1987ರಲ್ಲಿ ಸಿದ್ಧವಾದ ಎಡಿನ್‌ಬರೋ ಮಾಪಕದಲ್ಲಿ ಇರುವುದು ಹತ್ತೇ ಪ್ರಶ್ನೆ. ನಗು ಬರುತ್ತದೆಯೇ, ಕಾರಣವಿಲ್ಲದೆ ನಿಮ್ಮನ್ನು ನೀವೇ ದೂರಿಕೊಳ್ಳುತ್ತೀರಾ ಎಂಬಂಥವು. ಕನ್ನಡದಲ್ಲೂ ಅದು ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ ಮತ್ತು ಮಗುವನ್ನು ಜೊತೆಯಲ್ಲೇ ಸೇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಶುರುವಾಯಿತು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಾಯಿತ ಕಟ್ಟಿಸುವವರು ಕಟ್ಟಿಸಲಿ, ಅದಕ್ಕೆ ನನ್ನ ಜಗಳವಿಲ್ಲ. ಜೊತೆಗೆ ಇದನ್ನೂ ಮಾಡಲಿ.

ಇನ್ನು ಉಳಿದದ್ದು ನನ್ನ ಮಗಳ ಪ್ರಶ್ನೆ. ಬೇರೆ ಯಾವ ಬಸುರಿ ಕೇಳಿದ್ದರೂ ನಾನು ನಿಜ ಹೇಳಬಹುದಿತ್ತು. ತಾಯಿಯಾಗಲಿರುವ ಹೆಣ್ಣಿಗೆ ನಿಜ ತಿಳಿಯುವ ಹಕ್ಕಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೇಳಿದವಳು ಆ ಮಗುವೇ. ನನ್ನನ್ನು ಹುಟ್ಟಿದ ಗಳಿಗೆಯಿಂದ ಅಮ್ಮಿ ಪ್ರೀತಿಸಿದ್ದಾಳೆ ಎಂಬ ನಂಬಿಕೆಯ ಮೇಲೆ 24 ವರ್ಷ ನಿಂತಿರುವವಳು. ಅವಳೊಳಗಿನ ಬಸುರಿಗೆ ನಿಜ ಸಲ್ಲಬೇಕು, ಅವಳೊಳಗಿನ ಮಗುವಿಗೆ ಸುಳ್ಳೇ ಸಲ್ಲಬೇಕೇನೋ. ಇಬ್ಬರಿಗೂ ಒಂದೇ ಜೋಡಿ ಕಿವಿ. ಅಮ್ಮಿ ಬಾಯಿ ಬಿಡದಿದ್ದದ್ದು ಇದಕ್ಕೇ ಇರಬಹುದೇ ಎಂದೂ ಯೋಚಿಸಿದೆ. ಆದರೆ ಅಮ್ಮಿ ನೋಡದೆ ಇದ್ದದ್ದು ಅಣ್ಣನ ಮುಖ, ನನ್ನದಲ್ಲ. ಅವರಿಗೆ ನನ್ನಷ್ಟು ಕಷ್ಟವಿರಲಿಲ್ಲ.

ಒಂದು ವಾರ ಕಳೆದು ಮತ್ತೊಂದು ನಿದ್ದೆಯಿಲ್ಲದ ರಾತ್ರಿ, ಎಲ್ಲವನ್ನೂ ಹೇಳಿದೆ. ಹೆಗ್ಗಣ, ನೀರು, ನಟನೆಯ ನಗು, ಬಾವಿಕಟ್ಟೆ, ಟವೆಲ್, ಟೋಪಿಯ ದಾರ. ಅವಳು ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದಳು. ಬಹಳ ಹೊತ್ತು ಮಾತಾಡಲಿಲ್ಲ. ತಪ್ಪು ಮಾಡಿದೆ ಅನ್ನಿಸತೊಡಗಿತು.

"ಮಳೇಲಿ ಎಷ್ಟು ಹೊತ್ತು ನಿಂತಿದ್ದೆ?"

"ಗೊತ್ತಿಲ್ಲಮ್ಮಾ."

"ನಾನು ಅಳ್ತಾನೇ ಇದ್ನಾ?"

"ಹೂಂ. ನಾನೀ ಎತ್ಕೊಳ್ಳೋವರೆಗೂ."

ಮತ್ತೆ ಸುಮ್ಮನಾದಳು. ಅವಳ ಕಣ್ಣು ಒದ್ದೆಯಾಗಿತ್ತೋ ಇಲ್ಲವೋ ನಾನು ನೋಡಲಿಲ್ಲ, ದೀಪ ಹಾಕಲು ಧೈರ್ಯವಾಗಲಿಲ್ಲ. ಆಮೇಲೆ ಗೋಡೆಯ ಕಡೆಗೇ ಹೇಳಿದಳು, "ನಂಗೂ ಹಾಗೇ ಆದ್ರೆ ನಾನು ಹಿತ್ತಲಿಗೆ ಹೋಗಲ್ಲ ಅಮ್ಮೀ. ಬಂದು ನಿನ್ನ ಎಬ್ಬಿಸ್ತೀನಿ."

ಮಾರನೆಯ ದಿನ ನನ್ನ ಮಂಚವನ್ನು ಅವಳ ಕೋಣೆಗೆ ಹಾಕಿಸಿದೆ.